ಭೇಷ್ ಅನ್ನಿಸಿಕೊಳ್ಳಲು ಒಂದು ಜೀಪು

“ನೋಡ್ತಿರು, ಈ ಸಲ ನಿಮ್ಮಪ್ಪನ ಬಾಯಿಂದ ‘ಭೇಷ್’ ಅನ್ನಿಸದೇ ಇದ್ರೆ ನಾನು ಇಕ್ಕಳ ಹಿಡಿಯೋದೇ ಬಿಟ್ಟುಬಿಡ್ತೀನಿ!” ಎಂದು ಹಲ್ಲಿನ ಡಾಕ್ಟರು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡರು.

ಮಾವನವರು ಸೇನೆಯಲ್ಲಿ ಜೀಪು ಓಡಿಸಿದವರು. ಮದುವೆಯಾದಾಗಿನಿಂದ ಅಳಿಯ ಏನು ಮಾಡಿ ತೋರಿಸಿದರೂ ಅವರ ಬಾಯಿಂದ ಹೊರಡುತ್ತಿದ್ದದ್ದು ಒಂದೇ ಉದ್ಗಾರ: “ಊಂ.” ದವಾಖಾನೆ ತೆರೆದಾಗಲೂ ಊಂ, ಮನೆ ಕಟ್ಟಿಸಿದಾಗಲೂ ಊಂ. ಮೊಮ್ಮಗಳು ಹುಟ್ಟಿದಾಗ ಮಾತ್ರ “ಭೇಷ್” ಎಂದಿದ್ದರು, ಅದೂ ಮಗಳಿಗೆ!

ಹಾಗಾಗಿ ಡಾಕ್ಟರು, ಮಾವ ಓಡಿಸುತ್ತಿದ್ದ ಮಾದರಿಯದೇ ಹಳೆಯ ಸೇನಾ ಜೀಪೊಂದನ್ನು ಹರಾಜಿನಲ್ಲಿ ಹಿಡಿದು ತಂದರು. ತಂದರು ಎಂದರೆ ಓಡಿಸಿಕೊಂಡು ಬಂದರೆಂದಲ್ಲ. ಲಾರಿಯ ಮೇಲೆ ಹೇರಿಕೊಂಡು ಬಂದರು. ಇಳಿಸುವಾಗ ಬಂಪರು ಕೈಗೇ ಬಂತು.

“ಅಗ್ಗಕ್ಕೆ ಸಿಕ್ತು ಕಣೇ!”

“ಸಿಗದೆ ಏನು? ಎಂಜಿನ್ ಒಳಗೆ ಗುಬ್ಬಿ ಸಂಸಾರ ಹೂಡಿದೆ.”

“ಗೇರಿಗೂ ಹಲ್ಲಿರುತ್ತೆ. ಹಲ್ಲು ಅಂದ ಮೇಲೆ ಅದು ನನ್ನ ಇಲಾಖೆ!”

ಇಲಾಖೆ ಚೆನ್ನಾಗಿಯೇ ಕೈ ಕಚ್ಚಿತು. ಟೈರುಗಳು ಊರಲ್ಲೆಲ್ಲೂ ಸಿಗದೆ ಹಡಗು ಹತ್ತಿ ಬಂದವು. ಪಕ್ಕದ ಅಂಗಡಿಯ ಬಲ್ಬು ಸಿಕ್ಕಿಸಿದರೆ ಪಟ್ಟನೆ ಸುಟ್ಟುಹೋಯಿತು. ಸೇನೆಯ ಗಾಡಿಗೆ ಸೇನೆಯ ಬಲ್ಬೇ ಆಗಬೇಕಂತೆ! ಒಂದು ಬೋಲ್ಟು ಬಿಚ್ಚಿದರೆ ಅದರ ಹಿಂದೆ ಮೊಳದುದ್ದ ತುಕ್ಕು. ಹುಳುಕು ಹಲ್ಲೊಂದನ್ನು ಕೀಳಲು ಹೋಗಿ ದವಡೆಯೇ ಕೈಗೆ ಬಂದ ಹಾಗೆ! ಅಡುಗೆಮನೆಯ ಸೋರುವ ತಾರಸಿಗೆಂದು ಎತ್ತಿಟ್ಟಿದ್ದ ದುಡ್ಡು ಬ್ರೇಕಿನ ಪಾಲಾಯಿತು.

“ದೇವರೇ, ಈ ಜೀಪಿಗೆ ಸಿಗೋ ಆರೈಕೆಯಲ್ಲಿ ಚೂರಾದ್ರೂ ನನ್ನ ತಾರಸಿಗೆ ಕೊಡಪ್ಪಾ,” ಎಂದು ಹೆಂಡತಿ ತೊಟ್ಟಿಕ್ಕುವ ಕಡೆ ಬಕೆಟ್ ಇಟ್ಟರು.

ಒಂದು ಬೆಳಿಗ್ಗೆ ಅಂಗಳಕ್ಕೆ ಇನ್ನೊಂದು ಜೀಪು ಬಂದಿಳಿಯಿತು.

“ರೀ, ಅದಕ್ಕೆ ಒಂಟಿತನ ಕಾಡ್ತಿತ್ತಾ?”

“ಛೇ, ಇದು ಬಿಡಿಭಾಗಕ್ಕೆ. ಇದರದ್ದು ಬಿಚ್ಚಿ ಅದಕ್ಕೆ ಹಾಕೋದು. ಹಳೇ ಗಾಡಿ ರಿಪೇರಿ ಮಾಡೋರೆಲ್ಲ ಹೀಗೇ.”

“ಮೂರನೇದು ಯಾವಾಗ ಬರುತ್ತೆ ಹೇಳಿಬಿಡಿ, ಬಟ್ಟೆ ಒಣಗಿಸೋ ಹಗ್ಗ ಬಿಚ್ಚಿಡ್ತೀನಿ.”

ಕೊನೆಗೂ ಎಲ್ಲ ಸಿದ್ಧವಾಯಿತು. ಆದರೆ ಮಾವನವರ ರೈಲು ಬರುವ ದಿನವೇ ಪೆಟ್ರೋಲ್ ಟ್ಯಾಂಕಿನ ಅಡಿಯ ತೂತೊಂದು ಕಣ್ಣಿಗೆ ಬೀಳಬೇಕೆ! ವೆಲ್ಡಿಂಗ್‌ನವನು, “ಟ್ಯಾಂಕ್ ಬಿಚ್ಚಿ ತೊಳೆದು ತನ್ನಿ ಸಾರ್, ನಾಳಿದ್ದು ನೋಡೋಣ,” ಎಂದ.

ನಾಳಿದ್ದು! ಡಾಕ್ಟರು ಬಾಯಿಗೆ ಹಿಡಿಯುವ ಪುಟ್ಟ ಕನ್ನಡಿ ಹಿಡಿದು ಜೀಪಿನಡಿ ಅಂಗಾತ ಮಲಗಿದರು. ತೂತನ್ನು ಕೆರೆದು, ಒರೆಸಿ, ಗಾಳಿ ಊದಿ, ಹಲ್ಲಿಗೆ ತುಂಬುವ ಸಿಮೆಂಟನ್ನು ನಾಜೂಕಾಗಿ ತುಂಬಿದರು. ಅಭ್ಯಾಸಬಲದಿಂದ, “ಎರಡು ಗಂಟೆ ಏನೂ ತಿನ್ನಬೇಡಿ,” ಎಂದೂ ಅದಕ್ಕೆ ಹೇಳಿದರು! ಹೇಳಿದವರೇ ಕಾಲು ಗಂಟೆಯಲ್ಲಿ ಪೆಟ್ರೋಲು ಕುಡಿಸಿದರು.

ನಿಲ್ದಾಣದಲ್ಲಿ ಮಾವನವರು ಜೀಪನ್ನು ಕಂಡು ನಿಂತುಬಿಟ್ಟರು. ಬಾನೆಟ್ಟಿನ ಮೇಲೆ ಮೆಲ್ಲನೆ ಅಂಗೈ ಇಟ್ಟರು. ಕಣ್ಣು ಒದ್ದೆಯಾಯಿತು. ತುಟಿ ಅಲುಗಿತು. ಡಾಕ್ಟರು ಉಸಿರು ಬಿಗಿಹಿಡಿದರು.

“ಮೊದಲು ಓಡ್ಲಿ,” ಎಂದರು ಮಾವ.

ಓಡಿತು! ರಥದಂತೆ ಗಂಭೀರವಾಗಿ ಅಂಗಡಿಬೀದಿ ದಾಟಿತು. ಸರಿಯಾಗಿ ದವಾಖಾನೆಯ ಎದುರಿಗೆ ಬಂದು, ಎರಡು ಸಲ ಕೆಮ್ಮಿ, ನಿಂತಿತು. ಹಿಂದೆ ಬೀದಿಯುದ್ದಕ್ಕೂ ಪೆಟ್ರೋಲಿನ ಗೆರೆ!

ಡಾಕ್ಟರಿಗಾಗಿ ಕಾದಿದ್ದ ರೋಗಿಗಳೇ ಊದಿದ ಕೆನ್ನೆಗಳನ್ನು ಹೊತ್ತು ತಳ್ಳಲು ಬಂದರು. ಮಾವನವರು ಅಂಗಿಯ ತೋಳು ಮಡಿಸಿ, ಬಗ್ಗಿ, ಟ್ಯಾಂಕಿನಡಿ ಬೆರಳಾಡಿಸಿ ಮೆತ್ತನೆಯ ಬಿಳಿ ಉಂಡೆಯೊಂದನ್ನು ಹೊರತೆಗೆದರು.

“ಏನಿದು, ಅಳಿಯಂದಿರೇ?”

“ಅದು... ಹಲ್ಲಿಗೆ ತುಂಬೋ ಸಿಮೆಂಟು, ಮಾವ. ತುಂಬಾ ಗಟ್ಟಿ. ಐದು ವರ್ಷ ಅಲ್ಲಾಡಲ್ಲ.”

ಜೀಪಿಗೆ ಹೆಗಲು ಕೊಟ್ಟಿದ್ದ ಮೀಸೆಯ ಆಸಾಮಿ ನೆಟ್ಟಗೆ ನಿಂತರು. ಹಿಂದಿನ ವಾರವಷ್ಟೇ ದವಡೆಹಲ್ಲು ತುಂಬಿಸಿಕೊಂಡಿದ್ದವರು. ಮೆಲ್ಲಗೆ ಕೆನ್ನೆ ಮುಟ್ಟಿಕೊಂಡರು.

“ಡಾಕ್ಟ್ರೇ, ನನಗೂ ಇದನ್ನೇ ತುಂಬಿದ್ದೀರಾ?”

ಉಳಿದ ರೋಗಿಗಳು ಒಬ್ಬೊಬ್ಬರಾಗಿ ಜೀಪಿನಿಂದ ಕೈ ತೆಗೆದು ಮನೆಯ ದಾರಿ ಹಿಡಿದರು. ಎಲ್ಲರಿಗೂ ನೋವು ತಾನಾಗಿಯೇ ವಾಸಿಯಾಗಿತ್ತಂತೆ! ಮಾವನವರ ಹೊಟ್ಟೆಯಾಳದಿಂದ ಗುಡುಗಿನಂಥ ನಗೆಯೊಂದು ಎದ್ದಿತು.

“ಭೇಷ್!”

ಡಾಕ್ಟರು ಪುಳಕಗೊಂಡು ತಲೆಯೆತ್ತಿದರು. ಮಾವನವರ ಕೈ ಮೀಸೆಯ ಆಸಾಮಿಯ ಬೆನ್ನು ತಟ್ಟುತ್ತಿತ್ತು.