ಮೊಣಕಾಲೂರಿದ ಕೋಳಿ

ಕೋಳಿಯ ಎಲುಬು ಜೋಡಿಸುವ ವಿಚಾರ ಮೊದಲು ತೆಗೆದವರು ಯಾರು? ಖಚಿತವಾಗಿ ಹೇಳಲಾರೆ. ‘ನೀವೇ’ ಎನ್ನುತ್ತಾಳೆ ಹೆಂಡತಿ ಶೈಲಜಾ. ಪುರಾವೆ ಇಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯ ಕಲಿಸಿದ್ದರಿಂದ ಆಕೆಯ ನೆನಪನ್ನು ಅನುಮಾನಿಸುತ್ತೇನೆ. ನನ್ನ ನೆನಪಂತೂ ಇನ್ನೂ ಕಡೆ.

ಶೈಲಜಾ ನಾರಾಯಣಪೇಟೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಹೋದ ವರ್ಷ ಗದ್ವಾಲದ ವಿಜ್ಞಾನ ಪ್ರದರ್ಶನದಲ್ಲಿ ಆಕೆಯ ಜ್ವಾಲಾಮುಖಿ ಉಕ್ಕಲಿಲ್ಲ. ‘ಇದೇನ್ರಿ ಮೇಡಂ, ಹುತ್ತ?’ ಎಂದು ಅಧಿಕಾರಿಯೊಬ್ಬರು ಎಲ್ಲರೆದುರು ನಕ್ಕಿದ್ದರು.

“ಈ ಸಲಾನೂ ಮಾನ ಹೋದ್ರ ನಾ ಮತ್ತ ಆ ಊರಿಗೆ ಕಾಲಿಡಂಗಿಲ್ಲ ನೋಡ್ರಿ” ಎಂದಳು.

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಪದವೀಧರನೊಬ್ಬ ಮನೆಯಲ್ಲಿರುವಾಗ ಮಾನ ಹೋಗುವುದುಂಟೇ! “ಹಕ್ಕಿ ಅಂದ್ರ ಉಳಕೊಂಡ ಡೈನೋಸಾರ್. ಕೋಳಿ ಎಲುಬು ಜೋಡ್ಸಿ ತೋರ್ಸೋಣು” ಎಂಬ ಮಾತು ಯಾರದೋ ಬಾಯಿಂದ ಬಂತು. ದನಿ ನನ್ನದರಂತೆಯೇ ಇತ್ತು.

ಒಂದೇ ತೊಡಕು. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಕೂಡ ಹೊಸಿಲು ದಾಟಿಲ್ಲ. ಕೋಳಿಯ ಒಳಗನ್ನು ನಾನು ಕಂಡದ್ದು ಪುಸ್ತಕದಲ್ಲಿ ಮಾತ್ರ. ಊರಲ್ಲಿ ಗುರುತಿನವರು ನೋಡಿಯಾರೆಂದು ಮಕ್ತಲ್‌ಗೆ ಹೋಗಿ ಕೋಳಿ ಅಂಗಡಿಯ ಮುಂದೆ ನಿಂತೆ.

“ಕರಿ ಕಟ್ಟಾ, ಬಿರಿಯಾನಿ ಕಟ್ಟಾ ಸರ?”

“ಕಟ್ ಬ್ಯಾಡ. ತಲಿ, ಕಾಲು ಎಲ್ಲಾ ಹಂಗೇ ಇರ್ಲಿ. ನನಗ ಎಲುಬು ಬೇಕು.”

“ಮತ್ತ ಖಂಡ?”

“ಖಂಡ ಬ್ಯಾಡ.”

ಅಂಗಡಿಯವ ಕತ್ತಿ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಯಾರಿಗರ ಮಾಟ ಮಾಡಸ್ತೀರೇನ್ರಿ?”

ಕೋಳಿ ಕುದ್ದದ್ದು ಪಕ್ಕದ ಮನೆಯ ನೇಕಾರ ನರಸಪ್ಪನವರ ಹಿತ್ತಲಲ್ಲಿ. ಅವರ ಹೆಂಡತಿ ಲಕ್ಷ್ಮಮ್ಮ, “ಬರೇ ನೀರಾಗ ಕೋಳಿ ಕುದಸಾಕ ನನ್ನ ಕೈ ಬರಂಗಿಲ್ರಿ” ಎಂದು ಉಪ್ಪು, ಅರಿಶಿನ, ಬೆಳ್ಳುಳ್ಳಿ ಹಾಕಿಯೇಬಿಟ್ಟರು. ಮನೆಮಂದಿ ಉಣ್ಣುವಾಗ ನಾನು ಪಕ್ಕದಲ್ಲೇ ನಿಂತು “ಎಲುಬು ಕಡೀಬ್ಯಾಡ್ರಿ!” ಎಂದು ಕಾವಲು ಕಾದೆ. ಎಲುಬುಗಳು ಹಳದಿಯಾಗಿ ನನ್ನ ಪಾಲಿಗೆ ಬಂದವು. ಪಳೆಯುಳಿಕೆಯ ಬಣ್ಣವೂ ಹೀಗೇ ಇರಬೇಕು ಎಂದುಕೊಂಡೆ.

ಅವರ ಮಗ್ಗದ ಬದಿಯಲ್ಲೇ ಕೂತು, ಉಳಿದ ರೇಷ್ಮೆ ಎಳೆಗಳಿಂದ ಎಲುಬು ಕಟ್ಟತೊಡಗಿದೆ. ಕಾಲಿನ ಸರದಿ ಬಂತು. ಕೋಳಿಯ ಮೊಣಕಾಲು ಹಿಂದಕ್ಕೆ ತಿರುಗಿರುತ್ತದೆ, ಡೈನೋಸಾರಿನದು ಮುಂದಕ್ಕೆ. ನೆಂಟಸ್ತಿಕೆ ತೋರಿಸಬೇಕಲ್ಲ! ಕೋಳಿಯದನ್ನೂ ಮುಂದಕ್ಕೆ ತಿರುಗಿಸಿ ಬಿಗಿದೆ.

ನರಸಪ್ಪ ಮಗ್ಗ ನಿಲ್ಲಿಸಿದರು. “ಸರ, ಅದು ಮೊಣಕಾಲಲ್ರಿ, ಹಿಮ್ಮಡದ ಕೀಲು. ಮೊಣಕಾಲು ಲೆಗ್ ಪೀಸಿನ ಮ್ಯಾಲ ಇರತೈತಿ, ಪುಕ್ಕದಾಗ ಮುಚ್ಚಿರತೈತಿ.”

“ನರಸಪ್ಪಾರ, ನೀವು ತಿಂದು ತಿಳಕೊಂಡೀರಿ. ನಾನು ಓದಿ ತಿಳಕೊಂಡೀನಿ.”

“ಹಂಗಾರ ಬಿಡ್ರಿ” ಎಂದು ಅವರು ಮತ್ತೆ ಲಾಳಿ ಎಸೆದರು.

ಗದ್ವಾಲದಲ್ಲಿ ಅದೇ ಅಧಿಕಾರಿ! ಮಾದರಿಗೆ ಎರಡು ಸುತ್ತು ಹಾಕಿ ಕೇಳಿದರು: “ಮೇಡಂ, ಈ ಕೋಳಿ ಮೊಣಕಾಲೂರಿ ಯಾರಿಗೆ ಮಾಫಿ ಕೇಳಾಕ ಹತ್ತೈತಿ?”

ಸುತ್ತಲಿದ್ದವರು ನಕ್ಕರು. ಅವರೆಲ್ಲ ಭಾನುವಾರಕ್ಕೊಮ್ಮೆ ಕೋಳಿಯ ಅಂಗರಚನೆ ಅಭ್ಯಾಸ ಮಾಡುವವರು. ಶೈಲಜಾ ನನ್ನತ್ತ ಒಮ್ಮೆ ನೋಡಿದಳು. ಆ ನೋಟಕ್ಕೆ ಕೋಳಿಯ ಪಕ್ಕದಲ್ಲಿ ನಾನೂ ಮೊಣಕಾಲೂರಬೇಕೆನಿಸಿತು.

ಆಮೇಲೆ ತಣ್ಣಗೆ ಹೇಳಿದಳು: “ತಪ್ಪು ಬೇಕಂತನ ಇಟ್ಟೀವ್ರಿ ಸರ. ಹುಡುಗ್ರು ಹುಡುಕ್ಲಿ ಅಂತ.”

ನಿಂತಲ್ಲೇ ರಟ್ಟಿನ ಮೇಲೆ ‘ಒಂದು ತಪ್ಪಿದೆ, ಹುಡುಕಿ’ ಎಂದು ಬರೆದು ತೂಗುಹಾಕಿದಳು. ಊಟದ ಹೊತ್ತಿಗೆ ಮಕ್ಕಳು ಏಳು ತಪ್ಪು ಹುಡುಕಿದ್ದರು. ಕುತ್ತಿಗೆಯಲ್ಲಿ ಬಾಲದ ಎಲುಬಿತ್ತಂತೆ! ಎಂಟನೆಯದನ್ನು ಅಧಿಕಾರಿಯೇ ಕಂಡುಹಿಡಿದರು. ತಮ್ಮ ಜಾಣತನಕ್ಕೆ ಎಷ್ಟು ಹಿಗ್ಗಿದರೆಂದರೆ, ಮೊದಲ ಬಹುಮಾನ ಕೊಟ್ಟೇಬಿಟ್ಟರು. ಶೈಲಜಾಗೆ.

ಈಗ ಯಾರಾದರೂ ಕೇಳಿದರೆ, ತಪ್ಪುಗಳನ್ನು ಬೇಕಂತಲೇ ಮಾಡಿದೆ ಎನ್ನುತ್ತೇನೆ. ಹೇಳಿ ಹೇಳಿ ನನಗೂ ಹಾಗೆಯೇ ನೆನಪಾಗತೊಡಗಿದೆ. ಆದರೆ ಒಂದು ಸಂಗತಿಯನ್ನು ಮಾತ್ರ ಬಾಗಿಲು ಹಾಕಿಕೊಂಡು, ಮೂರು ಪುಸ್ತಕ ತೆಗೆದು ಪರೀಕ್ಷಿಸಿದ್ದೇನೆ. ಹಕ್ಕಿಯ ಕಾಲಲ್ಲಿ ಹಿಂದಕ್ಕೆ ತಿರುಗಿ ಕಾಣುವುದು ಹಿಮ್ಮಡದ ಕೀಲೇ. ಮೊಣಕಾಲು ಮೇಲೆ, ಪುಕ್ಕದೊಳಗಿದೆ; ಡೈನೋಸಾರಿನದರಂತೆ ಮೊದಲಿನಿಂದಲೂ ಮುಂದಕ್ಕೇ ಇದೆ. ಯಾರೂ ತಿರುಗಿಸಬೇಕಾಗಿರಲಿಲ್ಲ.