ಜಗಲಿಯಿಂದ ನಡೆದುಹೋದ ಶಂಖದ ಕುರಿತು

ಶ್ರೀಯುತ ಮಾಲೀಕರು,
ಕಡಲಸಿರಿ ಶಂಖ-ಚಿಪ್ಪು ಮಳಿಗೆ,
ಕಾರವಾರ ಕಡಲತೀರ.

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ತಮ್ಮ ಬುಟ್ಟಿಗಳಲ್ಲಿ ವಾಸವಾಗಿರುವ ಸಕಲ ಜೀವರಾಶಿಗಳೂ ಕ್ಷೇಮವೆಂದು ನಂಬಿ, ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬಟ್ಟೆ ಅಂಗಡಿ ನಡೆಸುವ ರಾಜಶೇಖರನು ಮಾಡುವ ಸವಿನಯ ನಮಸ್ಕಾರಗಳು.

ಕಳೆದ ರವಿವಾರ ನಾನು, ಹೆಂಡತಿ ಸೌಮ್ಯಾ, ಎಂಟು ವರ್ಷದ ಮಗಳು ಸೌಂದರ್ಯಾ ಮತ್ತು ಎಪ್ಪತ್ತೊಂದು ತುಂಬಿದರೂ ಸಮುದ್ರ ಕಾಣದ ನನ್ನ ಅವ್ವ ಗೌರಕ್ಕ, ಅರಬೈಲ್ ಘಟ್ಟದ ತಿರುವು ತಿರುವಿಗೂ ಮಗಳ ವಾಂತಿಗಾಗಿ ಕಾರು ನಿಲ್ಲಿಸುತ್ತ ತಮ್ಮ ಊರು ತಲುಪಿದೆವು. ಅವ್ವನಿಗೆ ಸಮುದ್ರ ತೋರಿಸುವುದೇ ಉದ್ದೇಶವಾಗಿತ್ತಾದರೂ, ಸಮುದ್ರಕ್ಕೂ ನಮಗೂ ನಡುವೆ ತಮ್ಮ ಕರಕುಶಲ ಸಂತೆ ಹಬ್ಬಿದ್ದರಿಂದಲೂ, ಒಂದೇ ಒಂದು ಅಂಗಡಿಗೆ ಅವಮಾನ ಮಾಡಲು ಸೌಮ್ಯಾ ಒಪ್ಪದಿದ್ದರಿಂದಲೂ, ನಾವು ಹೊರಬರುವ ಹೊತ್ತಿಗೆ ಕತ್ತಲಾಗಿ, ಗಾಡಿ ನಿಲ್ಲಿಸಿದ ಜಾಗದಿಂದ ಅವ್ವನಿಗೆ ದೂರದಲ್ಲಿ ಕಪ್ಪಗೆ ಏನೋ ಅಲುಗಾಡಿದ್ದಷ್ಟೇ ಕಂಡಿತು.

ಅಷ್ಟರಲ್ಲಿ ತಮ್ಮ ಮಳಿಗೆಯಲ್ಲಿ ಅವಳಿಗೆ ಮೋಸಂಬಿ ಗಾತ್ರದ ಶಂಖವೊಂದು ಸಿಕ್ಕಿತ್ತು. "ಕಿವಿಗೆ ಹಿಡೀರಿ ಅಜ್ಜಿ, ಸಮುದ್ರ ಕೇಳ್ತದೆ" ಎಂದಿರಿ. ಅವಳು ಬಹಳ ಹೊತ್ತು ಹಿಡಿದು, "ಒಳಗ ಯಾರೋ ಕೆರ್ಯಾಕತ್ತಾರಲ್ಲೋ ತಮ್ಮಾ" ಎಂದಳು. ತಾವು ಕಣ್ಣೂ ಮಿಟುಕಿಸದೆ, "ಅದೇ ಅಜ್ಜಿ, ತೆರೆ ಸದ್ದು" ಎಂದಿರಿ. ಇಪ್ಪತ್ತು ವರ್ಷಗಳಲ್ಲಿ ಬಣ್ಣ ಬಿಡುವ ಒಂದು ಸೀರೆಯನ್ನೂ ಇಷ್ಟು ಶಾಂತ ಮುಖದಿಂದ ಮಾರಲಾಗದ ನಾನು ತಮ್ಮನ್ನು ಗುರುಗಳೆಂದೇ ಭಾವಿಸಿದ್ದೇನೆ.

ಸೋಮವಾರ ಬೆಳಿಗ್ಗೆ ಅವ್ವ ಶಂಖವನ್ನು ದೇವರ ಜಗಲಿಯ ಮೇಲಿಟ್ಟು, ಹೂವೇರಿಸಿ, ಕಣ್ಣು ಮುಚ್ಚಿದಳು. ತೆರೆದಾಗ ಶಂಖಕ್ಕೆ ಕಾಲು ಮೂಡಿ, ವಿಭೂತಿ ಗಟ್ಟಿಗೆ ಮೈ ಉಜ್ಜಿಕೊಂಡು, ಅದು ಜಗಲಿಯ ಅಂಚಿಗೆ ಹೊರಟಿತ್ತು. "ರಾಜೂ, ಶಂಖ ಹೊಂಟೈತಿ, ಹಿಡಿಯೋ!" ಎಂಬ ಕೂಗಿಗೆ ಇಡೀ ಓಣಿಯೇ ನಮ್ಮ ಮನೆಗೆ ಬಂತು. ಸ್ಥಾವರವನ್ನು ಕೊಂಡವರಿಗೆ ಜಂಗಮವನ್ನೂ ಕರುಣಿಸಿದ ತಮ್ಮ ಔದಾರ್ಯ ದೊಡ್ಡದು. ನಮ್ಮ ಅಂಗಡಿಯಲ್ಲಿ ಎರಡು ಸೀರೆಗೆ ಒಂದು ಟವೆಲ್ ಕೊಡುತ್ತೇವೆಯೇ ಹೊರತು, ಗಿರಾಕಿಗಾಗಿ ಜೀವವನ್ನೇ ಕೊಡುವಷ್ಟು ನಾವಿನ್ನೂ ಬೆಳೆದಿಲ್ಲ.

ಅದು ಖಾಲಿ ಚಿಪ್ಪುಗಳಲ್ಲಿ ಸಂಸಾರ ಹೂಡುವ ಸನ್ಯಾಸಿ ಏಡಿಯೆಂದು ಸೌಮ್ಯಾ ಮೊಬೈಲ್ ನೋಡಿ ಹೇಳಿದಳು. ಊರ ಕೆರೆಗೆ ಬಿಟ್ಟರಾಯಿತೆಂದೆ ನಾನು. ಅಷ್ಟು ಹೊತ್ತಿಗೆ ಏಡಿ ಒಳಸೇರಿ ಅಲುಗಾಡದಾಗಿತ್ತು. ಅವ್ವ ಊಟದ ತಾಟು ಸರಿಸಿ, "ಸಿಹಿ ನೀರಾಗ ಅದು ಸಾಯ್ತೈತಿ. ಅದರ ಮನ್ಯಾಗಿಂದ ನಾ ತಂದೇನಿ, ನಾನ ಮುಟ್ಟಸ್ತೇನಿ" ಎಂದಳು. ಅಂಗಡಿಗೆ ಬೀಗ ಜಡಿದು, ಉಪ್ಪುನೀರಿನ ಬಟ್ಟೆ ಸುತ್ತಿದ ಶಂಖವನ್ನು ಅವ್ವನ ಮಡಿಲಲ್ಲಿಟ್ಟು, ಅದೇ ಘಟ್ಟವನ್ನು ಮತ್ತೆ ಇಳಿದೆವು. ಹತ್ತು ಕಿಲೋಮೀಟರಿಗೊಮ್ಮೆ ಅವ್ವ ಬಟ್ಟೆ ಬಿಚ್ಚಿ ನೋಡುತ್ತಿದ್ದಳು. ಪ್ರತಿ ಸಲವೂ ಸುಮ್ಮನೆ ಮುಚ್ಚುತ್ತಿದ್ದಳು.

ತೆರೆ ಮುಟ್ಟುವ ಮರಳಿನ ಮೇಲಿಟ್ಟು ಕಾದೆವು. "ಅದು ಹೊರಗ ಬಂದ್ರ ಶಂಖ ನಮಗ ಅಕ್ಕೈತೇನ ಅಜ್ಜಿ?" ಎಂದು ಮಗಳು ಕೇಳಿದಾಗ ಅವ್ವ, "ಮನಿ ಬಿಡಿಸಿ ಯಾರನ್ನೂ ಕಳಸಬಾರದವಾ" ಎಂದಳು. ಮೂರನೆಯ ತೆರೆಗೆ ಒಂದು ಕಾಲು ಹೊರಬಂತು, ಆಮೇಲೆ ಎಲ್ಲವೂ. ಏಡಿ ಮನೆಸಮೇತ ನೀರಿಗಿಳಿಯಿತು. ಅದರ ಹಿಂದೆಯೇ, ಸೀರೆಯ ನಿರಿಗೆ ಹಿಡಿದು, ಅವ್ವ. ನಾಲ್ಕನೆಯ ತೆರೆ ಅವಳನ್ನು ಕುಕ್ಕರಿಸಿ ಕೂಡಿಸಿತು. ನಾನು ಓಡಿದೆ, ಅವಳು ಅಲ್ಲೇ ಕುಳಿತು, ಬಾಯಲ್ಲಿ ಉಪ್ಪುನೀರು ತುಂಬಿಕೊಂಡು, ನಗುತ್ತಿದ್ದಳು. ಹಾಗೆ ಅವಳು ನಕ್ಕದ್ದನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಕತ್ತಲಾಗುವವರೆಗೂ ಏಳಲಿಲ್ಲ.

ಆದಕಾರಣ ಇನ್ನು ಮುಂದೆ ಪ್ರತಿ ಶಂಖದ ಬಾಗಿಲು ತಟ್ಟಿ, ಒಳಗಿನವರ ಒಪ್ಪಿಗೆಯನ್ನು ಲಿಖಿತವಾಗಿ ಪಡೆದು, ಆಮೇಲಷ್ಟೇ ಮಾರಬೇಕೆಂದು ಕೋರಲು ಕುಳಿತಿದ್ದೆ. ಆದರೆ ಪತ್ರ ಓದಿಸಿ ಕೇಳಿದ ಅವ್ವ, "ಹಂಗ್ಯಾಕ ಬರೀತಿ? ಬರೋ ತಿಂಗಳಿಗೆ ಇನ್ನೊಂದು ಇಡು ಅನ್ನು. ಒಳಗ ಯಾರರ ಇರೋದನ್ನ ನೋಡಿ ಇಡು ಅನ್ನು" ಎಂದಿದ್ದಾಳೆ. ತಮ್ಮ ಮೇಲಿನ ದೂರನ್ನು ಹೀಗೆ ಬೇಡಿಕೆಯಾಗಿ ಬದಲಿಸಬೇಕಾಗಿ ಬಂದ

ತಮ್ಮ ವಿಶ್ವಾಸಿ,
ರಾಜಶೇಖರ

ತಾ.ಕ.: ಸೌಮ್ಯಾ ತಮ್ಮಲ್ಲೇ ಕೊಂಡ ತೆಂಗಿನ ಕರಟದ ಆಮೆ ಇದುವರೆಗೆ ಕದಲಿಲ್ಲ. ಕದಲುವ ಇರಾದೆ ಅದಕ್ಕೇನಾದರೂ ಇದ್ದರೆ ದಯವಿಟ್ಟು ಮೊದಲೇ ತಿಳಿಸಬೇಕು. ಹಬ್ಬದ ಗಿರಾಕಿ ಶುರುವಾಗಿದೆ, ಏಕಾಏಕಿ ಅಂಗಡಿಗೆ ಬೀಗ ಜಡಿಯಲಾಗದು.