‘ಅದ’ ಅಂದರೆ ಎಲ್ಲಿ ಅದ?

ಮಾವನ ಮನೆಗೆ ಹೋದ ಅಳಿಯ ಹೋಳಿಗೆ ತಿಂದು, ದಿಂಬಿಗೆ ಒರಗಿ, ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಕು. ಅಷ್ಟೇ ಅವನ ಕೆಲಸ. ನನಗೆ ಅದೊಂದು ಬರುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಅಂಗಾಲು ತುರಿಸುತ್ತದೆ, ಕೈ ಏನನ್ನಾದರೂ ಬಿಚ್ಚಲು ಹುಡುಕುತ್ತದೆ. ಹೋದ ಭಾನುವಾರ ರಾಯಚೂರಿನಿಂದ ಮಾನ್ವಿಗೆ ಹೋದಾಗ ಕೈಗೆ ಸಿಕ್ಕಿದ್ದು ಮಾವನವರ ಅಕ್ಕಿ ಗಿರಣಿಯ ಯಂತ್ರ. ಅಕ್ಕಿಯೊಳಗಿನ ಕಪ್ಪು ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿಯಿಂದ ಊದಿ ಹೊರಹಾಕುವ ಯಂತ್ರ ಅದು. ಹೊಟ್ಟೆಯೊಳಗೆ ಒಂದು ಪುಟ್ಟ ಕಂಪ್ಯೂಟರ್. ಕಂಪ್ಯೂಟರಿನೊಳಗೆ ಯಜಮಾನಿಕೆ ಮಾಡುವ ಕರ್ನಲ್ ಎಂಬ ತಂತ್ರಾಂಶ ಬರೆಯುವುದೇ ನನ್ನ ಹೊಟ್ಟೆಪಾಡು. ಯಂತ್ರ ನೆಟ್ಟಗೆ ನಡೆಯುತ್ತಿತ್ತು. ಹಳೆಯದಾಯಿತು, ಹೊಸ ಕರ್ನಲ್ ಹಾಕಿಕೊಡುತ್ತೇನೆ ಎಂದು ನಾನೇ ಮೈಮೇಲೆ ಎಳೆದುಕೊಂಡೆ. ಹಾಕಿದೆ. ಯಂತ್ರ ಏಳಲಿಲ್ಲ. ಹಳೆಯದನ್ನು ಆಗಲೇ ಅಳಿಸಿಬಿಟ್ಟಿದ್ದೆ, ಜಾಣ ನೋಡಿ.

ತಪ್ಪು ಫರ್ಮ್‌ವೇರಿನದು. ಕಾರ್ಖಾನೆಯಲ್ಲೇ ಬರೆದು ಕೂಡಿಸಿದ ತಂತ್ರಾಂಶ ಅದು. ಕರೆಂಟು ಬಂದೊಡನೆ ಕ್ಯಾಮೆರಾ ಇಂಥಲ್ಲಿದೆ, ಯಂತ್ರ ತಂಪಾಗಿಡುವ ಫ್ಯಾನು ಇಂಥ ತಂತಿಗಿದೆ ಎಂದು ಕರ್ನಲ್ಲಿಗೆ ಒಪ್ಪಿಸಬೇಕು. ಈ ಫರ್ಮ್‌ವೇರೋ, ‘ಶಾಖ ಅಳೆಯುವ ಸೆನ್ಸರ್ ಅದ’ ಎಂದಷ್ಟೇ ಹೇಳಿ ಬಾಯಿ ಮುಚ್ಚಿತ್ತು. ಎಲ್ಲಿ ಅದ, ಯಾವ ತಂತಿಗೆ ಅದ? ಸುದ್ದಿಯೇ ಇಲ್ಲ. ಬರೆದವನು ನಮ್ಮ ಕಡೆಯವನೇ ಇರಬೇಕು. ದೇವದುರ್ಗದಲ್ಲೊಮ್ಮೆ ಗೆಳೆಯನ ಮನೆ ಕೇಳಿದರೆ ಕಂಡಕಂಡವರೆಲ್ಲ “ಇಲ್ಲೇ ಅದ, ಹೋಗ್ರಿ” ಎನ್ನುತ್ತ ನನ್ನನ್ನು ಊರೇ ದಾಟಿಸಿದ್ದರು. ಹಳೆಯ ಕರ್ನಲ್ ಇಂಥ ಅರ್ಧ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನಾನು ತಂದ ಹೊಸದು ಬಲು ಶಿಸ್ತಿನದು. ಸೆನ್ಸರ್ ಸಿಗುವತನಕ ಫ್ಯಾನು ತಿರುಗಿಸುವುದಿಲ್ಲ, ಫ್ಯಾನು ತಿರುಗದೆ ಯಂತ್ರ ನಡೆಸುವುದಿಲ್ಲ ಎಂದು ಪಟ್ಟು ಹಿಡಿದು ಕೂತಿತು.

ಹೊರಗೆ, ಸಂಜೆಯೊಳಗೆ ಅಕ್ಕಿ ತುಂಬಿಕೊಂಡು ಹೊರಡಬೇಕಾದ ಲಾರಿ ನಿಂತಿತ್ತು. ಹಮಾಲರು ಚೀಲಗಳ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಮಾವನವರು ನಾಲ್ಕು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬಂದು ಬಂದು “ಚಾ ತರಸ್ಲೇನ್ರಿ ಅಳಿಯಂದ್ರ?” ಎಂದಷ್ಟೇ ಕೇಳುತ್ತಿದ್ದರು. ಕಂಪ್ಯೂಟರ್ ಬಲ್ಲ ಅಳಿಯ ಎಂದು ಊರೆಲ್ಲ ಹೇಳಿಕೊಂಡು ಬಂದವರು ಪಾಪ. ನಾನು ಚಹಾ ಕುಡಿದೆ, ಎದ್ದೆ, ಅಡ್ಡಾಡಿದೆ, ಮತ್ತೆ ಕೂತೆ, ಫರ್ಮ್‌ವೇರ್ ಬರೆದವನ ವಂಶವನ್ನೆಲ್ಲ ಗಿರಣಿ ಹಾರಿಹೋಗುವಂತೆ ಬೈದೆ. ಮಾನ ಹೋಗುವುದು ಖಾತ್ರಿ ಎನಿಸಿತು.

ಕೊನೆಗೆ ಕರ್ನಲ್ಲಿಗೆ ಬುದ್ಧಿ ಹೇಳಿ ಬರೆದೆ: ವಿವರ ಅರ್ಧ ಸಿಕ್ಕರೆ ಮುನಿಸಿಕೊಂಡು ಕೂರಬೇಡ, ಶಾಖ ಎಷ್ಟೆಂದು ತಿಳಿಯದಿದ್ದರೆ ಬಹಳ ಇದೆ ಅಂದುಕೋ, ಫ್ಯಾನನ್ನು ಪೂರ್ತಿ ಜೋರಾಗಿ ತಿರುಗಿಸು, ಕೆಲಸ ನಡೆಸು. ಯಂತ್ರ ಎದ್ದಿತು. ಕಪ್ಪು ಕಾಳು ಹೊರಗೆ ಚಿಮ್ಮತೊಡಗಿದವು, ಹಮಾಲರು ಮೈಮುರಿದು ಎದ್ದರು, ನನಗೆ ಹೋದ ಜೀವ ಬಂತು. ಫ್ಯಾನು ಮಾತ್ರ ಭರ್ರೆಂದು ಕಿವಿ ಹರಿಯುವಂತೆ ಕೂಗುತ್ತಿತ್ತು.

ಬುತ್ತಿ ತಂದು, ಆಗಿನಿಂದ ಬಾಗಿಲಲ್ಲೇ ನಿಂತು ನನ್ನ ಅವತಾರ ನೋಡುತ್ತಿದ್ದ ಹೆಂಡತಿ, ಇದೇಕೆ ಇಷ್ಟು ಗದ್ದಲ ಎಂದು ಕೇಳಿದಳು. ಒಳಗೆ ಶಾಖ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ, ಅದಕ್ಕೇ ಅಷ್ಟು ಜೋರು ಎಂದು ಗತ್ತಿನಿಂದಲೇ ವಿವರಿಸಿದೆ.

“ಏನೂ ಗೊತ್ತಿಲ್ಲದಾಗ ಜೋರ್ ಸಪ್ಪಳ ಮಾಡೂದು ನಿಮ್ಮನ್ನ ನೋಡೇ ಕಲತದ ಬಿಡ್ರಿ” ಎಂದಳು.

ಮಾವನವರು ಮರ್ಯಾದಸ್ಥರು. ಅಳಿಯನ ಎದುರಿಗೆ ನಗಬಾರದೆಂದು ಯಂತ್ರದ ಹಿಂದಕ್ಕೆ ಹೋಗಿ ನಕ್ಕರು. ಅಷ್ಟು ಗದ್ದಲದಲ್ಲೂ ನನಗದು ಸ್ಪಷ್ಟವಾಗಿ ಕೇಳಿಸಿತು.